ರೋಮಿನ ಅಂತರ್ಯುದ್ಧದ ದೀನಾರಗಳು ಮತ್ತು ದಕ್ಷಿಣಾಪಥದ ನಾಣ್ಯಸಂಗ್ರಹ

೧

ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ನಿಷ್ಕಶಬ್ದಕ್ಕಿರುವ ಅರ್ಥಗಳಲ್ಲಿ ದೀನಾರವೂ ಒಂದೆಂದು ಹೇಳಿರುವುದು ಸಂಸ್ಕೃತಾಧ್ಯಾಯಿಗಳಿಗೆ ಸುವಿದಿತವಾದ ಸಂಗತಿ. ಉಣಾದಿಸೂತ್ರಗಳಲ್ಲಿ ಈ ಶಬ್ದವನ್ನು ಕ್ಷಯಾರ್ಥಕವಾದ ದೀಙ್ ಧಾತುವಿನಿಂದ ಸಾಧಿಸಿದೆ. ಕೈಗೆ ಬಂದ ಹಣವು ಕ್ಷಯಿಸುವುದು ಲೋಕಾನುಭವವೇ ಆಗಿರುವುದರಿಂದ ವ್ಯುತ್ಪತ್ತಿಯೇನೋ ರಮ್ಯವಾಗಿದೆ. ಆದರೆ ಶಬ್ದದ ಹುಟ್ಟು ಬೇರೆಡೆ ಇದೆ. ಹತ್ತು ಹತ್ತಾಗಿ ಎಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದ ಹುಟ್ಟಿ, ಹತ್ತು ತಾಮ್ರದ ನಾಣ್ಯಗಳಿಗೆ ಸಮನಾದ ಒಂದು ಬೆಳ್ಳಿಯ ನಾಣ್ಯಕ್ಕೆ ರೋಮಿನಲ್ಲಿ ಸಲ್ಲುತ್ತಿದ್ದ 'ದೇನಾರಿಯುಸ್' ಎಂಬ ಹೆಸರೇ ಸಮುದ್ರವನ್ನು ದಾಟಿ ಬಂದು ಭಾರತದಲ್ಲಿ ದೀನಾರವಾಯಿತು. ಜೈನರ ಕಲ್ಪಸೂತ್ರದಲ್ಲಿ ತ್ರಿಶಲಾದೇವಿಯು ಕನಸಿನಲ್ಲಿ ಕಂಡ ಶ್ರೀದೇವಿಯು ಎದೆಯ ಮೇಲೆ ದೀನಾರಮಾಲೆಯನ್ನು ಧರಿಸಿರುವಳು. ನಾಗಾರ್ಜುನಕೊಂಡದ ಇಕ್ಷ್ವಾಕುಗಳ ಶಾಸನವೊಂದರಲ್ಲಿ ದೀನಾರಿಮಾಷಕಗಳ ದಾನವು ಉಕ್ತವಾಗಿದೆ. ಗುಪ್ತರ ಕಾಲಕ್ಕೆ ಈ ಹೆಸರು ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯವನ್ನು ಹಿಡಿದು ನಿಂತಿತು. ದಂಡಿಯ ದಶಕುಮಾರಚರಿತದಲ್ಲಿ ಜೂಜಿನ ಪಣವನ್ನು ಎಣಿಸುವುದೂ ದೀನಾರಗಳಲ್ಲಿಯೇ.

ಶಬ್ದವು ಬಂದಿತೆಂದ ಮೇಲೆ ವಸ್ತುವೂ ಬಂದಿರಲೇಬೇಕು. ಬಂದಿದೆಯೆಂಬುದಕ್ಕೆ ಭೂಮಿಯೇ ಸಾಕ್ಷಿ. ಆದರೆ ಯಾವ ದೀನಾರಗಳು ಬಂದುವು, ಯಾವುವು ಬರಲಿಲ್ಲ ಎಂಬ ಪ್ರಶ್ನೆಯನ್ನು ಕೇಳಿದರೆ ಗಮನಾರ್ಹವಾದ ಒಂದು ಸಂಗತಿ ಹೊರಪಡುತ್ತದೆ. ರೋಮಿನ ಗಣರಾಜ್ಯವು ಅಳಿಯುವ ಕಾಲದ ಅಂತರ್ಯುದ್ಧಗಳಲ್ಲಿ ಅಚ್ಚಾದ ನಾಣ್ಯಗಳು, ಅಂದರೆ ಯುರೋಪಿನ ಸಂಗ್ರಾಹಕರು ಇಂದು ಎಲ್ಲಕ್ಕಿಂತ ಹೆಚ್ಚು ಬೆಲೆಕೊಟ್ಟು ಅರಸುವ ನಾಣ್ಯಗಳು, ದಕ್ಷಿಣಾಪಥದ ನಿಧಿಗಳಲ್ಲಿ ಅತ್ಯಂತ ವಿರಳ. ಅವುಗಳ ಹಿಂದೆಯೇ ಬಂದ ಇಬ್ಬರು ಚಕ್ರವರ್ತಿಗಳ ನಾಣ್ಯಗಳಾದರೋ ಗಡಿಗೆಗಟ್ಟಲೆ ದೊರೆತಿವೆ. ಈ ವ್ಯತ್ಯಾಸಕ್ಕೆ ಕಾರಣವೇನು, ಅದರಿಂದ ಕನ್ನಡ ನಾಡಿನ ಚರಿತ್ರೆಗೆ ದೊರೆಯುವ ತಿಳಿವೇನು, ಆ ತಿಳಿವು ಕೆಡದಂತೆ ನಾಣ್ಯಗಳನ್ನು ಸಂಗ್ರಹಿಸುವ ಕ್ರಮವೇನು ಎಂಬ ಮೂರು ವಿಷಯಗಳು ಈ ಲೇಖನದಲ್ಲಿ ವಿಚಾರಿಸಲ್ಪಟ್ಟಿವೆ.

೨

ಮೊದಲು ಆ ಅಂತರ್ಯುದ್ಧದ ನಾಣ್ಯಗಳ ಸ್ವರೂಪವನ್ನು ತಿಳಿಯತಕ್ಕದ್ದು. ಕ್ರಿ. ಪೂ. ೪೯ನೆಯ ವರ್ಷದ ಜನವರಿಯಲ್ಲಿ ಜೂಲಿಯಸ್ ಸೀಸರನು ತನ್ನ ಸೈನ್ಯದೊಡನೆ ರೂಬಿಕಾನ್ ಎಂಬ ಹೊಳೆಯನ್ನು ದಾಟಿ ಇಟಲಿಯನ್ನು ಹೊಕ್ಕನು. ಅಂದಿನಿಂದ ಕ್ರಿ. ಪೂ. ೩೦ರಲ್ಲಿ ಈಜಿಪ್ಟು ವಶವಾಗುವವರೆಗೆ, ನಡುನಡುವೆ ಬಿಡುವಿದ್ದರೂ, ರೋಮನರು ರೋಮನರೊಡನೆಯೇ ಕಾದಿದರು. ಯುದ್ಧಕ್ಕೆ ಸೈನಿಕರು ಬೇಕು. ಸೈನಿಕರಿಗೆ ಸಂಬಳ ಬೇಕು. ಸಂಬಳಕ್ಕೆ ಬೆಳ್ಳಿ ಬೇಕು. ಆದುದರಿಂದ ಒಂದೊಂದು ಪಕ್ಷದ ನಾಯಕನೂ ತನ್ನ ಪಾಳೆಯದೊಡನೆ ಟಂಕಸಾಲೆಯನ್ನೂ ಕೊಂಡೊಯ್ದನು. ಸಂಬಳವಾಗಿ ಸಿಪಾಯಿಯ ಕೈಗೆ ಬಂದ ಬೆಳ್ಳಿಯ ಬಿಲ್ಲೆಯು ನಾಯಕನ ಹೆಸರನ್ನೂ ಅವನ ವಾದವನ್ನೂ ಹೊತ್ತು ಊರೂರಿಗೆ ಹೋಯಿತು. ಪತ್ರಿಕೆಗಳಿಲ್ಲದ ಕಾಲದಲ್ಲಿ ನಾಣ್ಯವೇ ಡಂಗುರವಾಗಿದ್ದಿತು.

ಸೀಸರನ ಮೊದಲ ಯುದ್ಧನಾಣ್ಯದಲ್ಲಿ ಆನೆಯೊಂದು ಹೆಡೆಯೆತ್ತಿದ ಸರ್ಪದಂತಿರುವ ವಸ್ತುವನ್ನು ತುಳಿಯುತ್ತಿದೆ. ಕೆಳಗೆ ಅವನ ಹೆಸರು. ಹಿಂಬದಿಯಲ್ಲಿ ಅವನು ಪ್ರಧಾನ ಪುರೋಹಿತನೆಂಬುದನ್ನು ಸೂಚಿಸುವ ಪೂಜಾಸಾಧನಗಳು. ಕ್ರಿ. ಪೂ. ೪೪ರ ಆದಿಯಲ್ಲಿ ರೋಮಿನ ಟಂಕಸಾಲೆಯು ಅವನ ಮುಖವನ್ನೇ ನಾಣ್ಯದ ಮೇಲೆ ಒತ್ತಿತು. ದೇವತೆಗಳಿಗೂ ಗತಿಸಿದ ಹಿರಿಯರಿಗೂ ಮೀಸಲಾಗಿದ್ದ ಸ್ಥಾನದಲ್ಲಿ ಬದುಕಿರುವ ಒಬ್ಬನು ಕುಳಿತುದು ಅಲ್ಲಿ ಅದೇ ಮೊದಲು. ಮಾರ್ಚಿ ೧೫ರಂದು ಅವನು ಕೊಲೆಯಾದನು. ಕೊಂದವರಲ್ಲಿ ಒಬ್ಬನಾದ ಬ್ರೂಟಸನು ಮುಂದಿನ ಎರಡು ವರ್ಷಗಳೊಳಗೆ ಅಚ್ಚುಮಾಡಿಸಿದ ನಾಣ್ಯದಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಬಿಡುಗಡೆ ಹೊಂದಿದ ದಾಸನು ತೊಡುವ ಕುಲಾವಿ, ಕೆಳಗೆ ಆ ಕೊಲೆಯ ದಿನದ ಹೆಸರು ಇವೆ. ಸ್ವಾತಂತ್ರ್ಯಕ್ಕಾಗಿ ಕೊಂದೆನೆಂದು ಹಿಂಬದಿಯಲ್ಲಿ ಸಾರಿದವನು ಮುಂಬದಿಯಲ್ಲಿ ತನ್ನ ಮುಖವನ್ನೇ ಇರಿಸಿದನೆಂಬುದನ್ನು ಗಮನಿಸಿದರೆ, ಗಣರಾಜ್ಯವು ಅದನ್ನು ಉಳಿಸಹೊರಟವರ ಮನಸ್ಸಿನಲ್ಲಿಯೂ ಅಳಿದಿತ್ತೆಂಬುದು ವ್ಯಕ್ತವಾಗುತ್ತದೆ. ಕ್ರಿ. ಪೂ. ೪೨ರಲ್ಲಿ ಫಿಲಿಪ್ಪಿಯ ಯುದ್ಧದಲ್ಲಿ ಅವನು ಸೋತು ಮಡಿದನು.

ಬಳಿಕ ಉಳಿದವರು ಮಾರ್ಕ್ ಆಂಟನಿ ಮತ್ತು ಸೀಸರನ ದತ್ತಪುತ್ರನಾದ ಆಕ್ಟೇವಿಯನ್. ಕ್ರಿ. ಪೂ. ೩೨–೩೧ರಲ್ಲಿ ಆಂಟನಿಯು ತನ್ನ ಸೇನೆಗೂ ನೌಕಾಬಲಕ್ಕೂ ಸಂಬಳವೀಯಲು ಅಪಾರಸಂಖ್ಯೆಯ ದೀನಾರಗಳನ್ನು ಅಚ್ಚುಮಾಡಿಸಿದನು. ಒಂದು ಬದಿಯಲ್ಲಿ ಹುಟ್ಟುಹಾಕುವ ಯುದ್ಧನೌಕೆ, ಇನ್ನೊಂದು ಬದಿಯಲ್ಲಿ ಎರಡು ಧ್ವಜಗಳ ನಡುವೆ ಗರುಡಧ್ವಜದಂತಿರುವ ಹದ್ದು, ಕೆಳಗೆ ಸೇನಾದಳದ ಸಂಖ್ಯೆ. ಕ್ರಿ. ಪೂ. ೩೧ರ ಸೆಪ್ಟೆಂಬರಿನಲ್ಲಿ ಆಕ್ಟಿಯಮ್ ಎಂಬಲ್ಲಿ ಅವನ ನೌಕೆಗಳು ಸೋತುವು. ಗೆದ್ದ ಆಕ್ಟೇವಿಯನನು ಮೊಸಳೆಯ ಚಿತ್ರವುಳ್ಳ ನಾಣ್ಯದಿಂದ ಈಜಿಪ್ಟನ್ನು ಗೆದ್ದುದನ್ನು ಸಾರಿ, ಕ್ರಿ. ಪೂ. ೨೭ರಲ್ಲಿ ಆಗಸ್ಟಸ್ ಎಂಬ ಬಿರುದನ್ನು ಧರಿಸಿದನು. ಕೆಂಪುಸಮುದ್ರದ ರೇವುಗಳು ಅವನ ಕೈಗೆ ಸೇರಿದುವು. ಮಳೆಗಾಳಿಯನ್ನು ಹಿಡಿದು ಭಾರತಕ್ಕೆ ಹೊರಡುವ ಹಡಗುಗಳ ಸಂಖ್ಯೆ ಬಹಳವಾಗಿ ಹೆಚ್ಚಿತು. ಅಂತರ್ಯುದ್ಧದ ಕೊನೆಯೂ ಭಾರತದೊಡನೆ ಹೆಚ್ಚಿದ ವಾಣಿಜ್ಯದ ಮೊದಲೂ ಹೀಗೆ ಒಂದೇ ಗಂಟಿನಲ್ಲಿ ಕೂಡಿವೆ.

೩

ಈಗ ಕನ್ನಡ ನಾಡಿನ ಕಡೆಗೆ ತಿರುಗಬಹುದು. ಬೆಂಗಳೂರಿನ ಯಶವಂತಪುರದ ಬಳಿ ೧೮೯೧ರಲ್ಲಿ ೧೬೩ ಬೆಳ್ಳಿಯ ದೀನಾರಗಳು ಒಟ್ಟಾಗಿ ದೊರೆತುವು. ಅವು ಆಗಸ್ಟಸನಿಂದ ಕ್ಲಾಡಿಯಸನವರೆಗಿನ ಕಾಲದವು. ೧೯೬೫ರಲ್ಲಿ ಅದೇ ನಗರದ ವಿಮಾನನಿಲ್ದಾಣದ ಪ್ರದೇಶದಲ್ಲಿ ದೊರೆತ ೨೫೬ ದೀನಾರಗಳ ನಿಧಿಯೂ ಇದೇ ಬಗೆಯದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ೧೯೦೯ರಲ್ಲಿ ಆರ್. ನರಸಿಂಹಾಚಾರ್ಯರು, ಅನಂತರ ೧೯೨೯ರ ಸುಮಾರಿನಲ್ಲಿ ಡಾ. ಎಂ. ಎಚ್. ಕೃಷ್ಣರು, ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಶೋಧನೆಗಳಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ದೀನಾರಗಳು ಸಾತವಾಹನರ ಕಾಲದ ವಸ್ತುಗಳೊಡನೆ ಕಂಡುಬಂದುವು. ತೆಲಂಗಾಣದ ಅಕ್ಕನಪಲ್ಲಿಯ ನಿಧಿಯಲ್ಲಿ ೧೫೩೧ ದೀನಾರಗಳಿದ್ದುವು. ಅಲ್ಲಿಯೂ ಬಹುಪಾಲು ಆ ಇಬ್ಬರವೇ. ಅದರಲ್ಲಿಯೂ ಎರಡೇ ಅಚ್ಚುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಆಗಸ್ಟಸನ ದತ್ತಪುತ್ರರಾದ ಗೇಯಸ್ ಮತ್ತು ಲೂಸಿಯಸ್ ಎಂಬ ಇಬ್ಬರು ಕುಮಾರರು ಗುರಾಣಿಗಳನ್ನು ಹಿಡಿದು ನಿಂತಿರುವುದು. ಇನ್ನೊಂದು, ಟೈಬೀರಿಯಸನ ಮುಖವೂ ಹಿಂಬದಿಯಲ್ಲಿ ಪೀಠಸ್ಥಳಾದ ಸ್ತ್ರೀಯೂ ಇರುವುದು.

ಹೀಗಿರುವಾಗ ಸೀಸರ್, ಬ್ರೂಟಸ್, ಆಂಟನಿಯರ ಕಾಲದ ಬೆಳ್ಳಿಯು ಭಾರತಕ್ಕೆ ಬರಲೇ ಇಲ್ಲವೆ? ಬಂದುದುಂಟು. ಪಂಜಾಬಿನ ಮಾಣಿಕ್ಯಾಲದ ಸ್ತೂಪವನ್ನು ಜನರಲ್ ಕೋರ್ಟ್ ಎಂಬವನು ಅಗೆಯಿಸಿದಾಗ, ಕುಷಾಣರಾಜನಾದ ಕನಿಷ್ಕನ ನಾಣ್ಯಗಳೊಡನೆ ರೋಮಿನ ಗಣರಾಜ್ಯದ ಏಳು ಸವೆದ ದೀನಾರಗಳು ದೊರೆತುವು. ಅವುಗಳಲ್ಲಿ ಸೀಸರ್ ಮತ್ತು ಆಂಟನಿಯರ ಹೆಸರುಳ್ಳವೂ ಇದ್ದುವು. ಕೇರಳದ ತ್ರಿಶ್ಶೂರಿನ ಬಳಿಯ ಐಯ್ಯಾಲ್ ಎಂಬಲ್ಲಿ ೧೯೪೫ರಲ್ಲಿ ದೊರೆತ ನಿಧಿಯಲ್ಲಿ ೧೨ ಚಿನ್ನದ ಮತ್ತು ೭೧ ಬೆಳ್ಳಿಯ ರೋಮನ್ ನಾಣ್ಯಗಳು ಭಾರತದ ಮುದ್ರಾಂಕಿತ ನಾಣ್ಯಗಳೊಡನೆ ಸೇರಿದ್ದುವು. ಬೆಳ್ಳಿಯವುಗಳಲ್ಲಿ ಗಣರಾಜ್ಯಕಾಲದ ನಾಣ್ಯವೂ ಉಂಟು. ಆದರೆ ಸಾವಿರಗಟ್ಟಲೆ ದೊರೆತ ಆಗಸ್ಟಸ್ ಟೈಬೀರಿಯಸರ ನಾಣ್ಯಗಳ ಮುಂದೆ ಇವು ಬೆರಳೆಣಿಕೆಯವು. ಮಾಣಿಕ್ಯಾಲದ ದೀನಾರಗಳು ಕನಿಷ್ಕನ ನಾಣ್ಯದೊಡನೆ ನಿಕ್ಷಿಪ್ತವಾಗಿದ್ದುದರಿಂದ, ಅಚ್ಚಾಗಿ ನೂರು ವರ್ಷಕ್ಕೂ ಮಿಕ್ಕಿದ ಮೇಲೆ ಸ್ತೂಪವನ್ನು ಸೇರಿದವೆಂಬುದೂ ಸ್ಪಷ್ಟ. ನಾಣ್ಯವು ಅಚ್ಚಾದ ಕಾಲವು ಬೇರೆ, ಹುಗಿದ ಕಾಲವು ಬೇರೆ. ಇವೆರಡನ್ನು ಒಂದೆಂದು ತಿಳಿಯುವುದು ಸಂಗ್ರಾಹಕರಲ್ಲಿ ಬಹಳವಾಗಿ ಕಾಣುವ ಪ್ರಮಾದ.

೪

ಈ ವಿರಳತೆಗೆ ಕಾರಣವನ್ನು ಪ್ರಾಚೀನ ಗ್ರಂಥಕಾರರ ಮಾತುಗಳಿಂದಲೂ ಲೋಹದ ಪರೀಕ್ಷೆಯಿಂದಲೂ ತಿಳಿಯಬಹುದು. ಆಂಟನಿಯು ದೀನಾರದ ಬೆಳ್ಳಿಗೆ ಕಬ್ಬಿಣವನ್ನು ಬೆರಸಿದನೆಂದು ಪ್ಲಿನಿಯು ತನ್ನ ನಿಸರ್ಗಚರಿತ್ರೆಯಲ್ಲಿ ಬರೆದಿರುವನು. ಈಗಿನ ಪರೀಕ್ಷೆಯಲ್ಲಿ ಕಂಡುಬಂದ ಬೆರಕೆಯು ಕಬ್ಬಿಣವಲ್ಲ, ತಾಮ್ರ. ಆದರೂ ಅವನ ನಾಣ್ಯವು ಹಗುರವಾದ ಮಾತಿನ ನಾಣ್ಯವೆಂಬ ಅಪಖ್ಯಾತಿಯು ನಿಜವಾದುದೇ. ಕೆಟ್ಟ ಹಣವನ್ನು ಯಾರೂ ಕೂಡಿಡುವುದಿಲ್ಲ, ಕೈಬಿಟ್ಟು ಸಾಗಿಸುತ್ತಾರೆ. ಆದುದರಿಂದಲೇ ಆಂಟನಿಯ ದೀನಾರಗಳು ರೋಮನ್ ಸಾಮ್ರಾಜ್ಯದೊಳಗೆ ಎರಡು ಶತಮಾನಗಳಿಗೂ ಮೇಲ್ಪಟ್ಟು ಕೈಯಿಂದ ಕೈಗೆ ಸವೆಯುತ್ತ ಉಳಿದುವು. ಚೊಕ್ಕ ಬೆಳ್ಳಿಯ ಹಳೆಯ ನಾಣ್ಯಗಳಾದರೋ ಕುಲುಮೆಯನ್ನು ಸೇರಿದುವು. ಟ್ರಾಜನ್ ಚಕ್ರವರ್ತಿಯು ಸವೆದ ನಾಣ್ಯಗಳನ್ನೆಲ್ಲ ಕರಗಿಸಿದನೆಂಬ ಉಲ್ಲೇಖವೂ ಇದೆ.

ಜರ್ಮನರ ವಿಷಯವಾಗಿ ಟ್ಯಾಸಿಟಸನು ಹೇಳುವುದು ಇದಕ್ಕೆ ಪೂರಕವಾಗಿದೆ. ಅಂಚಿನಲ್ಲಿ ಗರಗಸದಂತೆ ಕಚ್ಚುಗಳಿರುವ, ಎರಡು ಕುದುರೆಗಳ ರಥವುಳ್ಳ ಹಳೆಯ ಪರಿಚಿತ ನಾಣ್ಯಗಳನ್ನೇ ಅವರು ಮೆಚ್ಚುತ್ತಿದ್ದರಂತೆ. ಅವು ಗಣರಾಜ್ಯದ ದೀನಾರಗಳು. ಅಂಚಿನ ಕಚ್ಚಿನಲ್ಲಿ ಒಳಗಿನ ಲೋಹವು ಕಾಣುವುದರಿಂದ ತಾಮ್ರಕ್ಕೆ ಬೆಳ್ಳಿಯ ತಗಡನ್ನು ಹೊದಿಸಿದ ಮೋಸವು ಅಲ್ಲಿ ನಡೆಯದೆಂಬ ನಂಬಿಕೆಯಿದ್ದಿರಬೇಕು. ಉತ್ತರದ ಕಾಡಿನವರು ಒಂದು ಗುರುತನ್ನು ಹಿಡಿದರು. ದಕ್ಷಿಣಾಪಥದ ಸೆಟ್ಟಿಗಳು ಇನ್ನೊಂದನ್ನು ಹಿಡಿದರು. ಇಬ್ಬರಿಗೂ ಬೇಕಾದುದು ಒಂದೇ: ಒರೆಗೆ ಹಚ್ಚದೆ ನಂಬಬಹುದಾದ ಬೆಳ್ಳಿ.

ಆಗಸ್ಟಸನ ದೀನಾರವು ರೋಮನ್ ಪೌಂಡಿಗೆ ೮೪ರಂತೆ ಅಚ್ಚಾಗುತ್ತಿದ್ದಿತು, ತೂಕವು ೩.೯ ಗ್ರಾಮಿಗೆ ಸಮೀಪ, ಅಂದರೆ ಒಂದು ತೊಲೆಯ ಮೂರನೆಯ ಒಂದು ಪಾಲು. ಬೆಳ್ಳಿಯು ಬಹುಮಟ್ಟಿಗೆ ಚೊಕ್ಕ. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿಯು ಪೌಂಡಿಗೆ ೯೬ರಂತೆ ಹಗುರಮಾಡಿ, ತಾಮ್ರದ ಬೆರಕೆಯನ್ನೂ ಹೆಚ್ಚಿಸಿದನು. ಅಲ್ಲಿಂದೀಚಿನ ಬೆಳ್ಳಿಯ ದೀನಾರಗಳು ದಕ್ಷಿಣಭಾರತದಲ್ಲಿ ಅಪೂರ್ವ. ಹೀಗೆ ಮೇಲೆ ಆಂಟನಿಯ ಬೆರಕೆ, ಕೆಳಗೆ ನೀರೋವಿನ ಬೆರಕೆ. ಇವೆರಡರ ನಡುವಣ ಚೊಕ್ಕ ಬೆಳ್ಳಿಯನ್ನೇ ಈ ನಾಡು ಆರಿಸಿಕೊಂಡಿತು. ಕ್ರಿ. ಶ. ಒಂದನೆಯ ಶತಮಾನದ ಪೆರಿಪ್ಲಸ್ ಎಂಬ ಗ್ರೀಕ್ ವರ್ತಕಗ್ರಂಥವು ಭರುಕಚ್ಛದ ರೇವಿಗೆ ಚಿನ್ನದ ಮತ್ತು ಬೆಳ್ಳಿಯ ದೀನಾರಗಳನ್ನು ಒಯ್ದರೆ ಅಲ್ಲಿನ ಹಣದೊಡನೆ ವಿನಿಮಯದಲ್ಲಿ ಲಾಭವುಂಟೆಂದು ಹೇಳುತ್ತದೆ. ಬೆಳ್ಳಿಯನ್ನೇ ಸರಕನ್ನಾಗಿ ತಂದರೆಂಬುದು ಇದರಿಂದ ಸಿದ್ಧ.

ಈ ವಿಚಾರಕ್ಕೆ ಮಕುಟಪ್ರಾಯವಾದುದು ಪ್ಲಿನಿಯು ಹೇಳುವ ಲಂಕೆಯ ವೃತ್ತಾಂತ. ಕ್ಲಾಡಿಯಸನ ಕಾಲದಲ್ಲಿ ರೋಮನ್ ವರ್ತಕನೊಬ್ಬನ ಸೇವಕನು ಗಾಳಿಗೆ ಸಿಕ್ಕಿ ಲಂಕೆಯನ್ನು ಸೇರಿದನಂತೆ. ಅವನಲ್ಲಿದ್ದ ದೀನಾರಗಳಲ್ಲಿ ಬೇರೆ ಬೇರೆ ಮುಖಗಳಿದ್ದರೂ ಎಲ್ಲದರ ತೂಕವೂ ಒಂದೇ ಆಗಿದ್ದುದನ್ನು ಕಂಡು, ಅಂತಹ ಜನರ ಪ್ರಾಮಾಣಿಕತೆಯನ್ನು ಅಲ್ಲಿಯ ರಾಜನು ಮೆಚ್ಚಿದನಂತೆ. ಕಥೆಯಲ್ಲಿ ಅಲಂಕಾರವೆಷ್ಟಿದ್ದರೂ ಅದರೊಳಗಿನ ನ್ಯಾಯವು ದಕ್ಷಿಣಾಪಥದ ನಿಧಿಗಳಿಂದ ಸಮರ್ಥಿತವಾಗುತ್ತದೆ. ರೋಮಿನಲ್ಲಿ ಮುಖಕ್ಕಾಗಿ ರಕ್ತವು ಹರಿಯಿತು. ಇಲ್ಲಿ ತೂಕವನ್ನು ಮಾತ್ರ ನೋಡಿದರು. ಪುದುಕ್ಕೋಟೆಯಲ್ಲಿ ೧೮೯೮ರಲ್ಲಿ ದೊರೆತ ೫೦೧ ಚಿನ್ನದ ನಾಣ್ಯಗಳಲ್ಲಿ ಬಹುತೇಕ ಎಲ್ಲದರ ಮೇಲೂ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯ ಗೀರು ಬಿದ್ದಿದೆ. ರೋಮಿನಲ್ಲಿ ರಾಜದ್ರೋಹವೆನಿಸಬಹುದಾದ ಆ ಗೀರು ಇಲ್ಲಿ ಆ ನಾಣ್ಯವನ್ನು ಚಲಾವಣೆಯಿಂದ ತೆಗೆದು ಬರಿಯ ಲೋಹವೆಂದು ಎಣಿಸಿದ ಗುರುತೆಂದು ಹೇಳಲವಕಾಶವುಂಟು.

೫

ಭೀಮಾ–ಕಾಗಿಣಾ ನದಿಗಳ ಪ್ರಾಂತವು ಈ ವಿಚಾರದಲ್ಲಿ ವಿಶೇಷವಾಗಿ ಗಮನಾರ್ಹ. ಕಾಗಿಣೆಯು ಸೇಡಂ ತಾಲೂಕಿನ ಮಳಖೇಡದ ಕೋಟೆಯನ್ನು ಬಳಸಿ ಚಿತ್ತಾಪುರ, ಶಹಾಬಾದಗಳ ಸೀಮೆಯಲ್ಲಿ ಹರಿದು ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ, ಭೀಮೆಯ ಎಡದಂಡೆಯಲ್ಲಿ, ಚಿತ್ತಾಪುರದ ಸೀಮೆಯ ಸನ್ನತಿಯೂ ಅದಕ್ಕೆ ಸೇರಿದಂತಿರುವ ಕನಗನಹಳ್ಳಿಯೂ ಇವೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೊಂದು ಅಶೋಕನ ಧರ್ಮಲಿಪಿಯೆಂದು ೧೯೮೯ರಲ್ಲಿ ವಿದ್ವಲ್ಲೋಕಕ್ಕೆ ತಿಳಿಯಿತು. ೧೯೯೪ರಿಂದ ಮುಂದಕ್ಕೆ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಮಹಾಚೈತ್ಯವೊಂದು ಹೊರಬಂದಿತು. ಅದರ ಶಿಲಾಫಲಕಗಳು ಈ ಪ್ರಾಂತದ ಸುಣ್ಣಕಲ್ಲಿನವು. ಶಹಾಬಾದದ ಹಾಸುಗಲ್ಲೆಂದು ಮನೆಮನೆಯಲ್ಲಿಯೂ ಪರಿಚಿತವಾದ ಕಲ್ಲಿನ ಕುಲವೇ ಅದು. ಫಲಕಗಳ ಮೇಲೆ ಅಶೋಕನ ಮತ್ತು ಸಾತವಾಹನರಾಜರ ಚಿತ್ರಗಳು ಹೆಸರುಸಹಿತವಾಗಿ ಕೆತ್ತಲ್ಪಟ್ಟಿವೆ.

ಆ ಫಲಕಗಳಲ್ಲಿ ಒಂದು ಪ್ರಕೃತವಿಷಯಕ್ಕೆ ಬಹಳ ಸಮೀಪವಾದುದು. ಸಾತಕಣಿ ರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುವನೆಂದು ಅದರ ಪ್ರಾಕೃತಲಿಪಿಯು ತಿಳಿಸುತ್ತದೆ. ರಾಜನು ದೇವಸ್ಥಾನಕ್ಕೆ ಕೊಡಲು ತಕ್ಕದ್ದೆಂದು ಬೆಳ್ಳಿಯನ್ನು ಎಣಿಸಿದ ನಾಡು ಇದು. ಅದೇ ಸಾತವಾಹನರು ದಿನದಿನದ ವ್ಯವಹಾರಕ್ಕೆ ಸೀಸ, ತಾಮ್ರ, ಮಿಶ್ರಲೋಹಗಳ ನಾಣ್ಯಗಳನ್ನು ಹೇರಳವಾಗಿ ಅಚ್ಚುಮಾಡಿಸಿದರು. ಅವರ ಬೆಳ್ಳಿಯ ನಾಣ್ಯಗಳು ಮಿತವಾದುವು. ಬೆಳ್ಳಿಯ ಗಣಿಯು ಸಮೃದ್ಧವಾಗಿಲ್ಲದ ನಾಡಿನಲ್ಲಿ ಹೊರನಾಡಿನ ಬೆಳ್ಳಿಗೆ ಏಕೆ ಅಷ್ಟು ಆದರವಿತ್ತೆಂಬುದನ್ನು ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದರೆ ತಿಳಿಯುತ್ತದೆ. ಬಂದ ದೀನಾರಗಳಲ್ಲಿ ಎಷ್ಟೋ ಕರಗಿ ಒಡವೆಯಾಗಿಯೂ ಪೂಜಾಪಾತ್ರೆಯಾಗಿಯೂ ಮಾರ್ಪಟ್ಟಿರುವುದು ಸಹಜ.

ಈ ಪ್ರಾಂತದ ಎರಡು ಮಗ್ಗುಲುಗಳಲ್ಲಿಯೂ ರೋಮನ್ ನಾಣ್ಯಗಳ ಪ್ರಭಾವವು ಕಂಡುಬಂದಿದೆ. ವಾಯವ್ಯದಲ್ಲಿ, ಪೆರಿಪ್ಲಸ್ಸಿನಲ್ಲಿ ಪ್ರತಿಷ್ಠಾನದಿಂದ ಪೂರ್ವಕ್ಕೆ ಹತ್ತು ದಿನಗಳ ಹಾದಿಯೆಂದು ಹೇಳಿರುವ ತಗರ, ಅಂದರೆ ಈಗಿನ ತೇರ. ಪೂರ್ವದಲ್ಲಿ, ಚಿಂಚೋಳಿಯಿಂದ ಆಚೆಗೆ ತೆಲಂಗಾಣದಲ್ಲಿರುವ ಕೊಂಡಾಪುರ. ಈ ಎರಡೆಡೆಗಳಲ್ಲಿಯೂ ರೋಮನ್ ನಾಣ್ಯದ ಅಚ್ಚನ್ನು ಅನುಕರಿಸಿ ಜೇಡಿಮಣ್ಣಿನಲ್ಲಿ ಮಾಡಿದ ಪದಕಗಳು ದೊರೆತಿವೆ. ದಾರ ಪೋಣಿಸಲು ಅವುಗಳಿಗೆ ಕುಣಿಕೆಯೋ ರಂಧ್ರವೋ ಉಂಟು. ಬೆಳ್ಳಿಯನ್ನು ಕೊಳ್ಳಲಾರದವರು ಮಣ್ಣಿನಲ್ಲಿ ಅದೇ ಶೋಭೆಯನ್ನು ಧರಿಸಿದರೆಂದಾಗುತ್ತದೆ. ಕಲ್ಪಸೂತ್ರದ ದೀನಾರಮಾಲೆಯು ಕೇವಲ ಕವಿಸಮಯವಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಡ.

ನಾಣ್ಯವು ಯುದ್ಧದ ಡಂಗುರವಾಗುವುದು ರೋಮಿಗೆ ಮಾತ್ರ ಸೇರಿದುದೆಂದೂ ಭಾವಿಸಲಾಗದು. ನಾಸಿಕದ ಬಳಿಯ ಜೋಗಳಥೆಂಬಿಯಲ್ಲಿ ೧೯೦೬ರಲ್ಲಿ ದೊರೆತ ೧೩,೦೦೦ಕ್ಕೂ ಮಿಕ್ಕಿದ ಬೆಳ್ಳಿಯ ನಾಣ್ಯಗಳು ಕ್ಷಹರಾತನಾದ ನಹಪಾನನವು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟರ ಮೇಲೆ ಗೌತಮೀಪುತ್ರ ಸಾತಕರ್ಣಿಯು ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿರುವನು. ಶತ್ರುವಿನ ಮುಖದ ಮೇಲೆ ತನ್ನ ಗುರುತನ್ನು ಒತ್ತಿದ ದೊರೆಯು ಆಕ್ಟೇವಿಯನನ ಮೊಸಳೆಯ ಭಾಷೆಯನ್ನೇ ಆಡಿದನು. ಸಾತವಾಹನರ ಬೆಳ್ಳಿಯ ನಾಣ್ಯಗಳಲ್ಲಿ ರಾಜಮುಖವೂ, ಒಂದು ಬದಿಯಲ್ಲಿ ಪ್ರಾಕೃತವೂ ಇನ್ನೊಂದು ಬದಿಯಲ್ಲಿ ದ್ರಾವಿಡಭಾಷೆಯ ರೂಪವೂ ಇರುವುದು ಭಾಷಾಚರಿತ್ರೆಯನ್ನು ಬೋಧಿಸುವವರಿಗೆ ಅಮೂಲ್ಯವಾದ ವಿಷಯ.

೬

ಇಷ್ಟೆಲ್ಲ ಅನುಮಾನಗಳಿಗೂ ಆಧಾರವು ಒಂದೇ: ನಾಣ್ಯವು ಎಲ್ಲಿ, ಯಾವುದರೊಡನೆ, ಎಷ್ಟು ಸಂಖ್ಯೆಯಲ್ಲಿ ದೊರೆಯಿತೆಂಬ ಜ್ಞಾನ. ಅದು ಅಳಿದರೆ ನಾಣ್ಯವು ಉಳಿದೂ ಪ್ರಯೋಜನವಿಲ್ಲ. ಚಂದ್ರವಳ್ಳಿಯ ಟೈಬೀರಿಯಸನ ದೀನಾರವನ್ನೇ ತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಅಂತಹ ದೀನಾರಗಳು ನೂರಾರು ಉಂಟು. ಯುರೋಪಿನ ಸಂಗ್ರಾಹಕನಿಗೆ ಅದು ಸಾಮಾನ್ಯವಾದ ಸರಕು. ಆದರೆ ಅದು ಮಣ್ಣಿನ ಒಂದು ಗೊತ್ತಾದ ಪದರದಲ್ಲಿ, ಗೊತ್ತಾದ ಮಡಕೆಚೂರುಗಳೊಡನೆ ದೊರೆತುದರಿಂದ, ಆ ಪದರಕ್ಕೂ ಅಲ್ಲಿಯ ಮಡಕೆಗಳಿಗೂ ಜೊತೆಯ ಸಾತವಾಹನ ನಾಣ್ಯಗಳಿಗೂ ಕಾಲನಿರ್ಣಯವು ಸಾಧ್ಯವಾಯಿತು. ಸಂವತ್ಸರವನ್ನು ಹೇಳದ ದೇಶೀಯ ವಸ್ತುಗಳಿಗೆ ಪರದೇಶದ ನಾಣ್ಯವು ಪಂಚಾಂಗವಾಯಿತು. ಯಶವಂತಪುರದ ನಿಧಿಯಲ್ಲಿಯೂ ಕಟ್ಟಕಡೆಯ ನಾಣ್ಯವು ಕ್ಲಾಡಿಯಸನದಾದುದರಿಂದ, ಅವನು ಪಟ್ಟವೇರಿದ ಕ್ರಿ. ಶ. ೪೧ಕ್ಕೆ ಮುಂಚೆ ಅದು ಹುಗಿದುದಲ್ಲವೆಂದು ನಿಶ್ಚಯಿಸಬಹುದು. ಯಾರಾದರೂ ಆ ಒಂದು ನಾಣ್ಯವನ್ನು ತೆಗೆದು ಮಾರಿದ್ದರೆ ಈ ನಿಶ್ಚಯವು ತಪ್ಪಿಹೋಗುತ್ತಿದ್ದಿತು. ನಿಧಿಯೆಂಬುದು ಒಂದು ವಾಕ್ಯ. ಅದರಿಂದ ಕ್ರಿಯಾಪದವನ್ನು ಕಿತ್ತರೆ ಉಳಿದ ಪದಗಳಿಗೆ ಅನ್ವಯವಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ಇತ್ತೀಚೆಗೆ ಒದಗಿದೆ. ಬ್ರೂಟಸನ ಕಠಾರಿಯ ಅಚ್ಚಿನ ಚಿನ್ನದ ನಾಣ್ಯವೊಂದು ೨೦೨೦ರಲ್ಲಿ ಲಂಡನ್ನಿನ ಹರಾಜಿನಲ್ಲಿ ೩೦ ಲಕ್ಷ ಪೌಂಡುಗಳಿಗೂ ಹೆಚ್ಚಾಗಿ ಮಾರಾಟವಾಯಿತು. ಅದರೊಡನೆ ಕೊಟ್ಟ ಒಡೆತನದ ಪೂರ್ವವೃತ್ತಾಂತವು ಸುಳ್ಳೆಂದು ಅಮೆರಿಕದ ಅಧಿಕಾರಿಗಳ ತನಿಖೆಯಲ್ಲಿ ಹೊರಬಿದ್ದು, ೨೦೨೩ರಲ್ಲಿ ನಾಣ್ಯವು ಗ್ರೀಸ್ ದೇಶಕ್ಕೆ ಹಿಂದಿರುಗಿತು. ನಾಣ್ಯವೇನೋ ಮರಳಿತು, ಅದು ಇದ್ದ ನೆಲವು ಮರಳಲಿಲ್ಲ. ಯಾರ ಮಡಿಲಲ್ಲಿ, ಯಾವ ಪಾಳೆಯದಲ್ಲಿ, ಯಾವ ನಾಣ್ಯಗಳ ನಡುವೆ ಅದು ಇದ್ದಿತೆಂಬ ವಿಷಯವು ಕೋಟಿ ಹಣಕ್ಕೂ ಸಿಕ್ಕದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಿಷಯದಲ್ಲಿ ಈ ಎಚ್ಚರಿಕೆಯು ಹೆಚ್ಚಾಗಿ ಬೇಕಾಗಿದೆ. ಈ ಸೀಮೆಯ ನೆಲವು ನಿತ್ಯವೂ ಅಗೆಯಲ್ಪಡುತ್ತಿರುವ ನೆಲ. ೧೮೭೪ರಲ್ಲಿ ನಿಜಾಮರ ರೈಲುದಾರಿಯು ವಾಡಿಯಲ್ಲಿ ಮುಂಬಯಿಯ ದಾರಿಯನ್ನು ಕೂಡಿತು. ಶಹಾಬಾದದ ಕಲ್ಲಿನ ಕಣಿಗಳೂ, ವಾಡಿ ಸೇಡಂಗಳ ಸುತ್ತಲಿನ ಸಿಮೆಂಟಿನ ಸುಣ್ಣಕಲ್ಲಿನ ಗಣಿಗಳೂ, ಎಲ್ಲೆಡೆಯ ತೊಗರಿಯ ಹೊಲಗಳೂ ಸೇರಿ ಹಳೆಯ ಮಣ್ಣನ್ನು ಮೇಲೆ ಕೆಳಗೆ ಮಾಡುತ್ತಿವೆ. ಅಶೋಕನ ಶಾಸನವು ವಿಗ್ರಹದ ಪೀಠವಾಗಿಯಾದರೂ ಉಳಿಯಿತು, ಏಕೆಂದರೆ ಅದು ಕಲ್ಲು. ಬೆಳ್ಳಿಗೆ ಆ ಭಾಗ್ಯವಿಲ್ಲ. ಅಕ್ಕಸಾಲೆಯ ಮೂಸೆಗೆ ಬಿದ್ದರೆ ಆಗಸ್ಟಸನೂ ಕಾಲುಂಗುರವಾಗುವನು.

ಆದುದರಿಂದ ಈ ಊರುಗಳ ಶಾಲಾ ಕಾಲೇಜುಗಳ ಉಪಾಧ್ಯಾಯರು ವಹಿಸಬಹುದಾದ 'ಸಂಗ್ರಹ'ವು ನಾಣ್ಯಗಳದ್ದಲ್ಲ, ನಾಣ್ಯಗಳ ವೃತ್ತಾಂತದ್ದು. ನೆಲದಲ್ಲಿ ನಾಣ್ಯವು ಕಂಡರೆ ಮೊದಲು ಹೊಲದ ಹೆಸರು, ಸರ್ವೆ ಸಂಖ್ಯೆ, ಆಳ, ದಿನ ಇವನ್ನು ಬರೆದಿಡಬೇಕು. ಗಡಿಗೆಯಲ್ಲಿದ್ದರೆ ಗಡಿಗೆಯ ಚೂರುಗಳನ್ನೂ ಬಿಡಬಾರದು. ಮಡಕೆಯ ಕಾಲವು ನಾಣ್ಯದ ಕಾಲವನ್ನು ಪರೀಕ್ಷಿಸುವ ಸಾಧನ. ಎಲ್ಲವನ್ನೂ ಎಣಿಸಿ, ಒಂದೊಂದರ ಎರಡು ಬದಿಗಳ ಛಾಯಾಚಿತ್ರವನ್ನು ತೆಗೆದು, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕಮಾಡಿ ಬರೆಯಬೇಕು. ಹುಣಸೆಹುಳಿಯಿಂದಲೂ ಬೂದಿಯಿಂದಲೂ ತಿಕ್ಕಿ ಹೊಳಪಿಸುವ ರೂಢಿಯು ಸರ್ವಥಾ ವರ್ಜ್ಯ. ಅದರಿಂದ ಸವೆತದ ಪ್ರಮಾಣವೂ ಚಿಕ್ಕ ಮುದ್ರೆಗಳೂ ಅಳಿಸಿಹೋಗುತ್ತವೆ. ಉಳಿಯ ಗೀರು, ತೂತು, ಕುಣಿಕೆ ಇವು ದೋಷಗಳಲ್ಲ. ನಾಣ್ಯವು ಈ ನಾಡಿನಲ್ಲಿ ಬಾಳಿದುದಕ್ಕೆ ಅವೇ ಶಾಸನಗಳು. ಯುರೋಪಿನ ಪಟ್ಟಿಗಳಲ್ಲಿ ಬೆಲೆಯನ್ನು ಕುಂದಿಸುವ ಗುರುತೇ ಇಲ್ಲಿಯ ಚರಿತ್ರಕಾರನಿಗೆ ಮುಖ್ಯವಾದ ಪಾಠ.

ನಿಧಿಯು ದೊರೆತಾಗ ಅದನ್ನು ಸರಕಾರಕ್ಕೆ ತಿಳಿಸಬೇಕೆಂಬುದು ೧೮೭೮ರ ಭಾರತದ ನಿಧಿಕಾನೂನಿನಿಂದ ಮೊದಲಾಗಿ ೧೯೬೨ರ ಕರ್ನಾಟಕದ ನಿಧಿಕಾನೂನಿನವರೆಗೆ ನಡೆದುಬಂದ ವಿಧಿ. ೧೯೭೨ರ ಕಾನೂನಿನಂತೆ ನೂರು ವರ್ಷ ಕಳೆದ ನಾಣ್ಯವು ಪುರಾತನವಸ್ತುವೆನಿಸಿ, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವುದು ನಿಷಿದ್ಧವಾಗಿದೆ. ಬಡರೈತನು ಕಾನೂನಿಗೆ ಅಂಜಿ ನಿಧಿಯನ್ನು ಮುಚ್ಚಿಡುವನು. ಮುಚ್ಚಿಟ್ಟುದು ಇರುಳಿನಲ್ಲಿ ಮೂಸೆಗೆ ಹೋಗುವುದು. ಊರಿನಲ್ಲಿ ನಂಬಿಕೆಯುಳ್ಳ ಉಪಾಧ್ಯಾಯನೊಬ್ಬನಿದ್ದು, ನಿಧಿಯನ್ನು ತಿಳಿಸಿದವನಿಗೆ ಕಾನೂನಿನಲ್ಲಿಯೇ ಹಕ್ಕೂ ಪ್ರತಿಫಲವೂ ಉಂಟೆಂಬುದನ್ನು ಬಿಡಿಸಿ ಹೇಳಿ, ಅರ್ಜಿಯನ್ನು ಬರೆದುಕೊಟ್ಟರೆ ಆ ಅಂಜಿಕೆಯು ಎಷ್ಟೋ ಕಡಿಮೆಯಾದೀತು.

ಸಾಹಿತ್ಯವನ್ನು ಬೋಧಿಸುವವರಿಗೆ ಇದು ಹೊರಗಿನ ಕೆಲಸವೆಂದು ತೋರಬಾರದು. ಮಾನ್ಯಖೇಟದಲ್ಲಿ ಆಳಿದ ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಗದ್ಯಾಣವಿದೆ, ದ್ರಮ್ಮವಿದೆ. ಗದ್ಯಾಣವು ದೇಶದ ಮಾತು, ದ್ರಮ್ಮವು ಗ್ರೀಕರ ದ್ರಾಖ್ಮೆಯಿಂದ ಬಂದುದು, ದೀನಾರವು ರೋಮಿನದು, ಹಣವು ಸಂಸ್ಕೃತದ ಪಣದ ಕನ್ನಡರೂಪ. ಕವಿರಾಜಮಾರ್ಗದ ನಾಡಿನಲ್ಲಿ ಕುಳಿತು ಈ ಶಬ್ದಗಳಿಗೆ ಅರ್ಥ ಹೇಳುವವನು ಕೋಶವನ್ನು ಮಾತ್ರ ನೋಡಿದರೆ ಅರ್ಧವನ್ನೇ ಹೇಳಿದಂತಾಗುತ್ತದೆ. ಉಣಾದಿಕಾರರು ದೀನಾರವನ್ನು ಧಾತುವಿನಿಂದ ಸಾಧಿಸಿದುದು ಅವರ ಮುಂದೆ ಆ ನಾಣ್ಯದ ಊರಿನ ವೃತ್ತಾಂತವು ಇರಲಿಲ್ಲವಾದುದರಿಂದ. ಈಗಿನವರ ಮುಂದೆ ಅದು ಇದೆ. ಮುಂದಿನವರ ಮುಂದೆಯೂ ಇರಬೇಕಾದರೆ, ಭೀಮಾತೀರದ ಹೊಲದಲ್ಲಿ ನಾಳೆ ನೇಗಿಲಿಗೆ ತಾಗುವ ಗಡಿಗೆಯು ಲೆಕ್ಕಕ್ಕೆ ಬಂದ ಮೇಲೆಯೇ ಒಡೆಯಬೇಕು.